ಡಾಕ್ಟರನ್ನು ಕೇಳಿ: ಮಗಳ ಬೆರಳು ನೆಟ್ಟಗಾಗುತ್ತಿಲ್ಲ, ಜೀನ್ ರಿಪೋರ್ಟ್ ಬಂದಿದೆ

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ಜೆನೆಟಿಕ್ಸ್ ವೈದ್ಯೆ. ನೋಡುವುದು ಹೆಚ್ಚಾಗಿ ಮಕ್ಕಳನ್ನೇ. ಜೀನ್ ರಿಪೋರ್ಟ್ ಬಗ್ಗೆ ಏನೇ ಗೊಂದಲ ಇದ್ದರೂ ಇಲ್ಲಿ ಕೇಳಿ. ಫೋಟೊ ಹಾಕುವಾಗ ಮಗುವಿನ ಹೆಸರು, ಆಸ್ಪತ್ರೆಯ ನಂಬರ್ ಮುಚ್ಚಿ ಹಾಕಿ. ಒಂದು ಮಾತು ಮೊದಲೇ ಹೇಳುತ್ತೇನೆ. ನಿಮ್ಮ ಡಾಕ್ಟರು ಮಗುವನ್ನು ಕೈಯಾರೆ ಮುಟ್ಟಿ ನೋಡಿದ್ದಾರೆ, ನಾನು ನೋಡಿಲ್ಲ. ಆದ್ದರಿಂದ ಔಷಧಿ ಶುರು ಮಾಡುವುದು, ನಿಲ್ಲಿಸುವುದು ಅವರನ್ನು ಕೇಳಿಯೇ ಆಗಬೇಕು.

ಪ್ರಶ್ನೆ (ತುಮಕೂರಿನ ತಾಯಿ): ಮೇಡಂ, ನನ್ನ ಮಗಳಿಗೆ ಆರು ವರ್ಷ. ಮೂರೂವರೆ ವರ್ಷದವಳಿದ್ದಾಗ ಬೆರಳು ಬಿಗಿಯಾಗಲು ಶುರುವಾಯಿತು. ಈಗ ಪೂರ್ತಿ ಬಿಚ್ಚಲು ಆಗುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಕೈ ಮುಗಿದರೆ ಅಂಗೈ ಎರಡೂ ಕೂಡುವುದಿಲ್ಲ, ನಡುವೆ ಜಾಗ ಉಳಿಯುತ್ತದೆ. ತಲೆ ಬಾಚಿಕೊಳ್ಳಲು ಕೈ ಮೇಲೆ ಹೋಗುವುದಿಲ್ಲ. ಮಕ್ಕಳಿಗೆ ಬರುವ ಸಂಧಿವಾತ ಅಂತ ಒಂದು ಕಡೆ ಎರಡು ವರ್ಷ ಔಷಧಿ ಕೊಟ್ಟರು. ಏನೂ ಗುಣ ಕಾಣಲಿಲ್ಲ. ಈಗ ಬೇರೆ ಡಾಕ್ಟರು ಜೀನ್ ಪರೀಕ್ಷೆ ಮಾಡಿಸಿದರು. ಜಿಎನ್‌ಪಿಟಿಎಬಿ ಅನ್ನೋ ಜೀನ್‌ನಲ್ಲಿ ಎರಡು ಬದಲಾವಣೆ ಇದೆಯಂತೆ. ಒಂದರ ಮುಂದೆ ‘ರೋಗಕಾರಕ’ ಅಂತ ಬರೆದಿದೆ. ಇನ್ನೊಂದರ ಮುಂದೆ ‘ವಿಯುಎಸ್, ಮಹತ್ವ ಖಚಿತವಿಲ್ಲ’ ಅಂತಿದೆ. ‘ಪ್ರೋಟೀನ್ ಮಾರ್ಪಾಡು’ ಅಂತಲೂ ಏನೋ ಇದೆ. ರಾತ್ರಿ ಎಲ್ಲ ಕೂತು ಓದಿದೆ, ಒಂದೂ ತಲೆಗೆ ಹೋಗಲಿಲ್ಲ. ನಾನು ಬಸುರಿಯಲ್ಲಿ ಏನಾದರೂ ತಿಂದಿದ್ದರಿಂದ ಹೀಗಾಯಿತಾ?

ಡಾಕ್ಟರ್: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ. ನೀವು ತಿಂದಿದ್ದರಿಂದಲೂ ಅಲ್ಲ, ಬಿಟ್ಟಿದ್ದರಿಂದಲೂ ಅಲ್ಲ. ಯಾರಾದರೂ ಹಾಗೆ ಅಂದರೆ ಈ ಉತ್ತರವನ್ನೇ ತೋರಿಸಿ.

ಈಗ ರಿಪೋರ್ಟಿಗೆ ಬರೋಣ. ಜೀನ್ ಅಂದರೆ ಪ್ರೋಟೀನ್ ಮಾಡುವ ಬರಹ ಅಂತ ಶಾಲೆಯಲ್ಲಿ ಓದಿರುತ್ತೇವೆ. ಆದರೆ ಆ ಬರಹದ ಪ್ರಕಾರ ಪ್ರೋಟೀನ್ ತಯಾರಾದ ಕೂಡಲೇ ಅದು ಕೆಲಸಕ್ಕೆ ಸಿದ್ಧ ಆಗಿರುವುದಿಲ್ಲ. ಟೈಲರ್ ಅಂಗಡಿ ನೆನಪು ಮಾಡಿಕೊಳ್ಳಿ. ಶರ್ಟ್ ಹೊಲಿದಾದ ಮೇಲೆ ಕಾಜಾ ಹಾಕಬೇಕು, ಗುಂಡಿ ಹೊಲಿಯಬೇಕು, ಇಸ್ತ್ರಿ ಆಗಬೇಕು, ಗಿರಾಕಿಯ ನಂಬರಿನ ಚೀಟಿ ಸಿಕ್ಕಿಸಬೇಕು. ಎಷ್ಟೋ ಅಂಗಡಿಗಳಲ್ಲಿ ಕಾಜಾ ಹಾಕುವವರೇ ಬೇರೆ. ಪ್ರೋಟೀನಿಗೂ ಹೀಗೇ. ತಯಾರಾದ ಮೇಲೆ ಅದಕ್ಕೆ ಸಕ್ಕರೆಯ ಎಳೆ ಅಂಟಿಸುತ್ತಾರೆ, ಫಾಸ್ಫೇಟ್ ಅಂಟಿಸುತ್ತಾರೆ, ಕೆಲವು ಕಡೆ ಕತ್ತರಿಸುತ್ತಾರೆ. ಇದನ್ನೇ ಪ್ರೋಟೀನ್ ಮಾರ್ಪಾಡು ಅನ್ನುವುದು. ಈ ಕೆಲಸ ಮಾಡುವವರೂ ಪ್ರೋಟೀನ್‌ಗಳೇ, ಅವುಗಳನ್ನು ಎಂಜೈಮ್ ಅನ್ನುತ್ತೇವೆ.

ನಿಮ್ಮ ಮಗಳ ರಿಪೋರ್ಟಿನಲ್ಲಿರುವ ಜೀನ್ ಚೀಟಿ ಸಿಕ್ಕಿಸುವವನದು. ನಮ್ಮ ಹೆಚ್ಚಿನ ಜೀವಕೋಶಗಳ ಒಳಗೆ ಲೈಸೊಸೋಮ್ ಅನ್ನೋ ಪುಟ್ಟ ಚೀಲಗಳಿವೆ. ಹಳೆಯ ಸಾಮಾನು ಒಡೆದು ಕರಗಿಸುವ ಜಾಗ ಅದು. ಅಲ್ಲಿ ಸುಮಾರು 60 ಬಗೆಯ ಎಂಜೈಮ್ ಕೆಲಸ ಮಾಡುತ್ತವೆ. ಅವು ತಯಾರಾಗುವುದು ಬೇರೆ ಕಡೆ. ‘ಇದು ಲೈಸೊಸೋಮಿಗೆ ಹೋಗಬೇಕು’ ಅಂತ ಗುರುತಿಗೆ ಅವುಗಳ ಸಕ್ಕರೆ ಎಳೆಯ ಮೇಲೆ ಒಂದು ಚೀಟಿ ಬೀಳುತ್ತದೆ. ಅದರ ಹೆಸರು ಮ್ಯಾನೋಸ್-6-ಫಾಸ್ಫೇಟ್. ಜಿಎನ್‌ಪಿಟಿಎಬಿ ಜೀನ್ ಕೆಟ್ಟರೆ ಈ ಚೀಟಿ ಸರಿಯಾಗಿ ಬೀಳುವುದಿಲ್ಲ. ಎಂಜೈಮ್‌ಗಳು ಚೆನ್ನಾಗಿಯೇ ಇರುತ್ತವೆ, ಆದರೆ ದಾರಿ ತಪ್ಪಿ ಜೀವಕೋಶದಿಂದ ಹೊರಗೆ, ರಕ್ತಕ್ಕೆ ಹೋಗಿಬಿಡುತ್ತವೆ. ಒಳಗೆ ಕಸ ಕೂಡುತ್ತಾ ಹೋಗುತ್ತದೆ. ಕೀಲಿನ ಸುತ್ತ, ಮೂಳೆಯಲ್ಲಿ, ಹೃದಯದ ಕವಾಟದಲ್ಲಿ ಅದರ ಪರಿಣಾಮ ಜಾಸ್ತಿ.

ಈ ಚೀಟಿ ಪೂರ್ತಿ ನಿಂತುಹೋದರೆ ಅದು ಮ್ಯೂಕೋಲಿಪಿಡೋಸಿಸ್ ಎರಡನೇ ಬಗೆ, ಹುಟ್ಟಿನಿಂದಲೇ ತೀವ್ರ. ಅಲ್ಪಸ್ವಲ್ಪ ಬೀಳುತ್ತಿದ್ದರೆ ಮೂರನೇ ಬಗೆ. ಅದು ನಿಧಾನ. ಮೂರು ವರ್ಷದ ಆಸುಪಾಸಿನಲ್ಲಿ ಬೆರಳು ಬಿಗಿಯುವುದರಿಂದ ಶುರುವಾಗುತ್ತದೆ. ಬುದ್ಧಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ, ಇದ್ದರೂ ಅಲ್ಪ. ನೀವು ಹೇಳಿದ್ದು ಕೇಳಿದರೆ ಮೂರನೆಯದು ಅನ್ನಿಸುತ್ತದೆ. ಖಚಿತ ಮಾಡಿಕೊಳ್ಳಲು ಇನ್ನೂ ಒಂದು ಹೆಜ್ಜೆ ಇದೆ, ಅದಕ್ಕೆ ಬರುತ್ತೇನೆ.

ಇದನ್ನು ಸಂಧಿವಾತ ಅಂದುಕೊಳ್ಳುವುದು ತುಂಬಾ ಕಡೆ ಆಗುತ್ತದೆ. ವ್ಯತ್ಯಾಸ ಕೈಯಲ್ಲೇ ಗೊತ್ತಾಗುತ್ತದೆ. ಸಂಧಿವಾತದಲ್ಲಿ ಕೀಲು ಬಿಸಿ ಇರುತ್ತದೆ, ಮೆತ್ತಗೆ ಊದಿರುತ್ತದೆ. ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಹಲವು ಸಲ ಏರಿರುತ್ತವೆ. ಇಲ್ಲಿ ಕೀಲು ತಣ್ಣಗಿರುತ್ತದೆ, ಊತ ಇರುವುದಿಲ್ಲ, ಸುಮ್ನೆ ಬಿಗಿ. ನಿಮ್ಮ ಹಳೆಯ ಫೈಲಿನಲ್ಲಿ ಆ ಎರಡು ನಂಬರ್ ಎಷ್ಟಿದೆ, ನೋಡಿ ಹೇಳಿ.

ತುಮಕೂರಿನ ತಾಯಿ: ನೋಡಿದೆ ಮೇಡಂ. ನಾಲ್ಕು ಸಲ ಮಾಡಿಸಿದ್ದಾರೆ, ನಾಲ್ಕೂ ಸಲ ನಾರ್ಮಲ್. ಹಾಗಾದರೆ ಆ ‘ಖಚಿತವಿಲ್ಲ’ ಅಂದರೆ ಏನು? ಲ್ಯಾಬಿನವರಿಗೇ ಗೊತ್ತಿಲ್ಲವಾ?

ಡಾಕ್ಟರ್: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದಾರೆ, ಅದು ಒಳ್ಳೆಯ ಲ್ಯಾಬಿನ ಲಕ್ಷಣ. 2015ರಲ್ಲಿ ಅಮೆರಿಕದ ವೈದ್ಯರ ಸಂಘಗಳು ಒಂದು ಕ್ರಮ ಮಾಡಿದವು. ಈಗ ಹೆಚ್ಚಿನ ಲ್ಯಾಬ್‌ಗಳು ಅದನ್ನೇ ಅನುಸರಿಸುತ್ತವೆ. ಜೀನ್ ಬದಲಾವಣೆಗೆ ಐದು ದರ್ಜೆ: ರೋಗಕಾರಕ, ಬಹುಶಃ ರೋಗಕಾರಕ, ಖಚಿತವಿಲ್ಲ, ಬಹುಶಃ ನಿರಪಾಯ, ನಿರಪಾಯ. ವಿಯುಎಸ್ ನಟ್ಟನಡುವೆ.

ನೀವು ಹಾಕಿದ ಫೋಟೊದಲ್ಲಿ ಮೊದಲನೆಯದು ಜೀನಿನ 3503 ಮತ್ತು 3504ನೇ ಅಕ್ಷರ ಬಿಟ್ಟುಹೋಗಿರುವುದು. ಜೀನಿನ ಬರಹವನ್ನು ಜೀವಕೋಶ ಮೂರು ಮೂರು ಅಕ್ಷರ ಕೂಡಿಸಿ ಓದುತ್ತದೆ. ಎರಡು ಅಕ್ಷರ ಹೋದರೆ ಅಲ್ಲಿಂದ ಮುಂದೆ ಓದೆಲ್ಲ ತಪ್ಪು. ಇದು ಚೆನ್ನಾಗಿ ಗೊತ್ತಿರುವ ಬದಲಾವಣೆ, ಲೋಕದ ನಾನಾ ಕಡೆ ಸಿಕ್ಕಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಸಾಗ್ವೆನೆ ಅನ್ನೋ ಭಾಗದಲ್ಲಂತೂ 39 ಜನರಲ್ಲಿ ಒಬ್ಬರು ಈ ಕಾಯಿಲೆಯ ವಾಹಕರು, ಅಂದರೆ ಕೆಟ್ಟ ಜೀನ್ ಒಂದಿದ್ದೂ ಆರೋಗ್ಯವಾಗಿರುವವರು. ಅದರ ಬಗ್ಗೆ ಸಂಶಯ ಇಲ್ಲ. ಎರಡನೆಯದರಲ್ಲಿ ಒಂದೇ ಅಕ್ಷರ ಬದಲಾಗಿ, ಪ್ರೋಟೀನಿನ ಒಂದು ಮಣಿಯ ಜಾಗಕ್ಕೆ ಬೇರೆ ಮಣಿ ಬಂದಿದೆ (ಪ್ರೋಟೀನ್ ಅಂದರೆ ಅಮೈನೋ ಆಮ್ಲ ಅನ್ನೋ ಮಣಿಗಳ ಸರ). ಅದರಿಂದ ಕೆಲಸ ಕೆಡುತ್ತದಾ ಇಲ್ಲವಾ ಅಂತ ಬರಹ ನೋಡಿ ಮಾತ್ರ ಹೇಳಲು ಆಗುವುದಿಲ್ಲ.

ಆದರೆ ಈ ಕಾಯಿಲೆಯಲ್ಲಿ ನಮಗೆ ಒಂದು ಒಳ್ಳೆಯ ದಾರಿ ಇದೆ. ಚೀಟಿ ಬೀಳದ ಎಂಜೈಮ್‌ಗಳು ರಕ್ತಕ್ಕೆ ಹೋಗುತ್ತವೆ ಅಂದೆನಲ್ಲ, ಅವನ್ನು ರಕ್ತದಲ್ಲೇ ಅಳೆಯಬಹುದು. ಮೂರು-ನಾಲ್ಕು ಲೈಸೊಸೋಮ್ ಎಂಜೈಮ್ ಒಟ್ಟಿಗೆ ಎಷ್ಟೋ ಪಟ್ಟು ಏರಿದ್ದರೆ ಚೀಟಿಯ ಕೆಲಸ ಕೆಟ್ಟಿದೆ ಎಂದೇ ಲೆಕ್ಕ. ಪರೀಕ್ಷೆ ಮಾಡಿಸುವಾಗ ‘ಪ್ಲಾಸ್ಮಾದಲ್ಲಿ’, ಅಂದರೆ ರಕ್ತಕಣ ಬಿಟ್ಟು ಉಳಿದ ನೀರಿನಂಥ ಭಾಗದಲ್ಲಿ, ಅಂತ ಒತ್ತಿ ಹೇಳಿ. ಬಿಳಿ ರಕ್ತಕಣದಲ್ಲಿ ನೋಡಿದರೆ ನಾರ್ಮಲ್‌ಗೆ ಹತ್ತಿರ ಬಂದು ದಾರಿ ತಪ್ಪಿಸಬಹುದು. ಜೊತೆಗೆ ನಿಮ್ಮಿಬ್ಬರ ರಕ್ತವೂ ಪರೀಕ್ಷೆ ಆಗಬೇಕು. ಒಂದೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ಒಂದು ಬದಲಾವಣೆ ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದಿರಬೇಕು. ಎರಡೂ ಒಬ್ಬರಿಂದಲೇ ಬಂದಿದ್ದರೆ ಲೆಕ್ಕವೇ ಬೇರೆ, ಯಾಕೆಂದರೆ ಆಗ ಮಗುವಿನ ಇನ್ನೊಂದು ಪ್ರತಿ ಸರಿ ಇದೆ ಅಂತಾಯಿತು.

ಪ್ರಶ್ನೆ (ಬಯೋಟೆಕ್ ವಿದ್ಯಾರ್ಥಿ, ಧಾರವಾಡ): ಮೇಡಂ, ಕಾಜಾ ಉದಾಹರಣೆ ತುಂಬಾ ಚೆನ್ನಾಗಿದೆ. ಕಾಜಾ ಹಾಕುವವನೇ ಇಲ್ಲದಿರುವುದು ಒಂದು. ಆದರೆ ಕಾಜಾ ಹಾಕುವ ಜಾಗದಲ್ಲೇ ಬಟ್ಟೆ ಹರಿದಿದ್ದರೆ? ಹಾಗೂ ಕಾಯಿಲೆ ಬರುತ್ತಾ?

ಡಾಕ್ಟರ್: ಬರುತ್ತದೆ. ಮತ್ತು ಅದು ಬೇರೆಯೇ ಥರದ ಕಾಯಿಲೆ ಆಗುತ್ತದೆ. ಕಾಜಾದವನು ಇಲ್ಲದಿದ್ದರೆ ಅಂಗಡಿಯ ಎಲ್ಲಾ ಶರ್ಟ್‌ಗೂ ತೊಂದರೆ. ಜಾಗ ಹರಿದಿದ್ದರೆ ಆ ಒಂದು ಶರ್ಟಿಗೆ ಮಾತ್ರ.

ಅಮೆರಿಕದ ಯೂಟಾದಲ್ಲಿ ಒಂದು ಕುಟುಂಬ ಇತ್ತು. ಅವರಲ್ಲಿ ಹಲವರು ಸಂಜೆ ಏಳೂವರೆಗೆಲ್ಲ ನಿದ್ದೆಗೆ ಜಾರುತ್ತಿದ್ದರು, ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರ. ಇದು ರೂಢಿಯಿಂದ ಬಂದದ್ದಲ್ಲ, ಎಳೆ ವಯಸ್ಸಿನಿಂದಲೇ ಹಾಗೆ. 2001ರಲ್ಲಿ ಲೂಯಿ ಟಾಚೆಕ್, ಯಿಂಗ್-ಹುಯಿ ಫು ಮತ್ತು ಸಂಗಡಿಗರು ಕಾರಣ ಹುಡುಕಿದರು. ಪರ್-2 ಅನ್ನೋದು ದೇಹದ ಗಡಿಯಾರ ನಡೆಸುವ ಪ್ರೋಟೀನ್. ಅದರ 662ನೇ ಮಣಿ ಸೆರೀನ್. ಅಲ್ಲಿ ಫಾಸ್ಫೇಟ್ ಅಂಟಬೇಕು. ಈ ಕುಟುಂಬದಲ್ಲಿ ಸೆರೀನ್ ಹೋಗಿ ಗ್ಲೈಸೀನ್ ಬಂದಿತ್ತು. ಗ್ಲೈಸೀನಿಗೆ ಫಾಸ್ಫೇಟ್ ಅಂಟುವುದೇ ಇಲ್ಲ. ಒಂದೇ ಗುಂಡಿ ಇಲ್ಲದ್ದಕ್ಕೆ ದೇಹದ ಗಡಿಯಾರ ಕೆಲವು ಗಂಟೆ ಮುಂದೆ ಹೋಯಿತು. ನನಗೆ ಇದು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನಿದ್ದೆ ಬರುವ ಹೊತ್ತು ಒಂದು ಮಣಿಯ ಮೇಲೆ ನಿಂತಿದೆ ಅಲ್ವಾ?

ಮೂರನೆಯ ಬಗೆಯೂ ಇದೆ. ಕಾಜಾ ಬೇಡದ ಕಡೆ ಕಾಜಾ ಬೀಳುವುದು. ಪ್ರೋಟೀನಿನಲ್ಲಿ ಆಸ್ಪರಜೀನ್, ಅದರ ಪಕ್ಕ ಪ್ರೋಲೀನ್ ಬಿಟ್ಟು ಯಾವುದಾದರೂ ಒಂದು, ಆಮೇಲೆ ಸೆರೀನ್ ಅಥವಾ ಥ್ರಿಯೋನೀನ್. ಈ ಮೂರು ಸಾಲಾಗಿ ಬಂದರೆ ಅಲ್ಲಿ ಸಕ್ಕರೆಯ ಎಳೆ ಅಂಟುವ ಅವಕಾಶ ಇದೆ. ಕೆಲವು ಮಕ್ಕಳಿಗೆ ಕ್ಷಯದ ಜಾತಿಯ, ಸಾಮಾನ್ಯವಾಗಿ ಏನೂ ಮಾಡದ ಬ್ಯಾಕ್ಟೀರಿಯಾಗಳಿಂದಲೇ ಜೀವಕ್ಕೆ ಅಪಾಯ ಆಗುವಂಥ ಸೋಂಕು ಬರುತ್ತಿತ್ತು. ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾ ಕೂಡ ಅಂಥವರಲ್ಲಿ ಮೈಯೆಲ್ಲ ಹರಡಬಹುದು. ಪ್ಯಾರಿಸ್‌ನ ಜ್ಯಾಂ-ಲೋರಾಂ ಕಾಸಾನೋವಾ ಅವರ ತಂಡ 2005ರಲ್ಲಿ ಇದರ ಒಂದು ಕಾರಣ ತೋರಿಸಿತು. ಇಂಟರ್‌ಫೆರಾನ್ ಗಾಮಾ ಅನ್ನೋ ರೋಗನಿರೋಧಕ ಸಂದೇಶವನ್ನು ಹಿಡಿಯುವ ಪ್ರೋಟೀನಿನಲ್ಲಿ 168ನೇ ಜಾಗದ ಥ್ರಿಯೋನೀನ್ ಆಸ್ಪರಜೀನ್ ಆಗಿತ್ತು. ಅಷ್ಟರಿಂದ ಹೊಸ ಸಕ್ಕರೆ ಎಳೆಯೊಂದು ಅಲ್ಲಿ ಅಂಟಿತು, ಪ್ರೋಟೀನಿನ ಕೆಲಸ ಕೆಟ್ಟಿತು. ಲ್ಯಾಬಿನಲ್ಲಿ ಆ ಸಕ್ಕರೆ ಅಂಟದಂತೆ ತಡೆದರೆ ಜೀವಕೋಶ ಮತ್ತೆ ಸ್ಪಂದಿಸಿತು. ಅಂದರೆ ಮಣಿ ಬದಲಾದದ್ದಕ್ಕಿಂತ, ಅದರ ಮೇಲೆ ಕೂತ ಸಕ್ಕರೆಯದ್ದೇ ತೊಂದರೆ.

ನೀವು ಮುಂದೆ ಲ್ಯಾಬಿನಲ್ಲಿ ವೇರಿಯಂಟ್, ಅಂದರೆ ಜೀನ್ ಬದಲಾವಣೆ, ನೋಡುವ ಕೆಲಸ ಮಾಡಿದರೆ ಇದು ನೆನಪಿರಲಿ. ಮಣಿ ಬದಲಾಗಿದೆ ಅಂತ ಬರೆದು ಸುಮ್ಮನಾಗಬೇಡಿ. ಅಲ್ಲಿ ಏನಾದರೂ ಅಂಟುತ್ತಿತ್ತಾ, ಈಗ ಹೊಸದಾಗಿ ಅಂಟುತ್ತದಾ ಅಂತ ಕೇಳಿ.

ಪ್ರಶ್ನೆ (ಹಿರಿಯರು, ಶಿರಸಿ): ವಿಟಮಿನ್ ಸಿ ಇಲ್ಲದಿದ್ದರೆ ಕೊಲಾಜೆನ್ ಕೆಡುತ್ತದೆ ಎಂದು ಓದಿದ್ದೇನೆ. ಅದೂ ಇಂಥದ್ದೇ ಮಾರ್ಪಾಡಲ್ಲವೇ? ಹಾಗಿದ್ದರೆ ಈ ಮಕ್ಕಳಿಗೆ ನೆಲ್ಲಿಕಾಯಿ ಕೊಟ್ಟರೆ ಗುಣ ಆಗಬಾರದೇಕೆ?

ಡಾಕ್ಟರ್: ಸರಿಯಾಗಿ ಓದಿದ್ದೀರಿ ಸರ್, ಅದೂ ಮಾರ್ಪಾಡೇ. ಕೊಲಾಜೆನ್ ಅಂದರೆ ಮೂಳೆ, ಚರ್ಮಕ್ಕೆ ಬಲ ಕೊಡುವ ಪ್ರೋಟೀನ್. ಅದರ ಪ್ರೋಲೀನ್ ಮಣಿಗಳಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರಬೇಕು, ಆಗಲೇ ಅದರ ಹುರಿ ಗಟ್ಟಿ. ಆ ಕೆಲಸ ಮಾಡುವ ಎಂಜೈಮಿಗೆ ವಿಟಮಿನ್ ಸಿ ಬೇಕು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿಯಲ್ಲಿ ಕೆಲಸಗಾರ ಇದ್ದಾನೆ, ಅವನ ಸೂಜಿ ಇಲ್ಲ. ನೆಲ್ಲಿಕಾಯಿ ಆ ಸೂಜಿ ಕೊಡುತ್ತದೆ. ಆದರೆ ಮೂಳೆ ಪದೇ ಪದೇ ಮುರಿಯುವ ಕಾಯಿಲೆಯ ಕೆಲವು ಬಗೆಗಳಲ್ಲಿ, ಅದೇ ಕೊಲಾಜೆನ್‌ನ ಇನ್ನೊಂದು ಜಾಗ ಮಾರ್ಪಡಿಸುವ ಕೆಲಸಗಾರನ ಜೀನೇ ಕೆಟ್ಟಿರುತ್ತದೆ. ಅಲ್ಲಿ ಎಷ್ಟು ಸೂಜಿ ಕೊಟ್ಟರೂ ಹಿಡಿಯುವ ಕೈ ಇಲ್ಲ. ತುಮಕೂರಿನ ಮಗುವಿನದೂ ಹಾಗೆಯೇ. ನೆಲ್ಲಿಕಾಯಿ ತಿನ್ನಲಿ, ಒಳ್ಳೆಯದು. ಅದನ್ನು ಚಿಕಿತ್ಸೆ ಅಂದುಕೊಳ್ಳುವುದು ಬೇಡ.

ಆದರೆ ನಿಮ್ಮ ಪ್ರಶ್ನೆಯ ಹಿಂದಿರುವ ಆಸೆ ಸುಳ್ಳಲ್ಲ. ಪ್ರೋಟೀನಿಗೆ ಸಕ್ಕರೆ ಎಳೆ ಅಂಟಿಸುವ ಕೆಲಸ ಕೆಡುವ ಕಾಯಿಲೆಗಳ ಒಂದು ದೊಡ್ಡ ಗುಂಪೇ ಇದೆ. ಬೆಲ್ಜಿಯಂನ ಯಾಕ್ ಯಾಕೆನ್ ಎಂಬ ಮಕ್ಕಳ ವೈದ್ಯರು 1980ರಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಮೊದಲನೆಯದನ್ನು ವಿವರಿಸಿದರು. ಅದರಲ್ಲಿ ಎಂಪಿಐ ಜೀನ್ ಕೆಟ್ಟ ಮಕ್ಕಳಿಗೆ ಮ್ಯಾನೋಸ್ ಸಕ್ಕರೆ ತಯಾರಿಸುವ ಒಂದು ಮೆಟ್ಟಿಲು ಇಲ್ಲ. ಭೇದಿ, ರಕ್ತದ ಸಕ್ಕರೆ ಇಳಿಯುವುದು, ಲಿವರ್ ತೊಂದರೆ. ಅವರಿಗೆ ಬಾಯಿಂದಲೇ ಮ್ಯಾನೋಸ್ ಕೊಟ್ಟರೆ ದೇಹ ಬೇರೆ ದಾರಿಯಲ್ಲಿ ಅದನ್ನು ಬಳಸಿಕೊಳ್ಳುತ್ತದೆ, ಮಗು ಚೇತರಿಸುತ್ತದೆ. 1998ರಲ್ಲಿ ಇದು ವರದಿಯಾಯಿತು. ಅದೇ ದಾರಿಯಲ್ಲಿ ಮುಂದಿನ ಮೆಟ್ಟಿಲು ಪಿಎಂಎಂ-2. ಅದು ಕೆಟ್ಟರೆ ಮ್ಯಾನೋಸ್ ಕೊಟ್ಟು ಹೀಗೆ ಗುಣ ಕಾಣುವುದಿಲ್ಲ. ಎರಡು ಜೀನ್, ಪಕ್ಕಪಕ್ಕದ ಮೆಟ್ಟಿಲು. ಒಂದಕ್ಕೆ ಒಂದು ಸಕ್ಕರೆ ಪುಡಿ ಸಾಕು, ಇನ್ನೊಂದಕ್ಕೆ ಆಗುವುದಿಲ್ಲ. ಅದಕ್ಕೇ ನಾನು ‘ಯಾವ ಕಾಯಿಲೆ’ ಅನ್ನುವುದಕ್ಕಿಂತ ‘ಯಾವ ಮೆಟ್ಟಿಲು’ ಅಂತ ಹಟ ಹಿಡಿದು ಕೇಳುವುದು.

ಪ್ರಶ್ನೆ (ಮಂಡ್ಯದಿಂದ): ನಮ್ಮದು ಸೋದರಮಾವನ ಜೊತೆ ಮದುವೆ. ಇದೆಲ್ಲ ಓದಿ ಭಯ ಆಗ್ತಿದೆ.

ಡಾಕ್ಟರ್: ಭಯ ಬೇಡಮ್ಮ, ತಿಳಿದಿರಲಿ. ಇಂಥ ಕಾಯಿಲೆ ಬರಬೇಕಾದರೆ ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು. ಒಂದು ಸರಿ ಇದ್ದರೆ ಕೆಲಸ ನಡೆಯುತ್ತದೆ. ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು. ಯಾವುದೇ ದಂಪತಿಗೆ ಮಗುವಿನಲ್ಲಿ ಹುಟ್ಟು ತೊಂದರೆಯ ಸಾಧ್ಯತೆ ನೂರಕ್ಕೆ 2ರಿಂದ 3. ಅತ್ತೆ ಮಗ–ಮಾವನ ಮಗಳಾದರೆ ಅದಕ್ಕೆ ಸುಮಾರು 2ರಿಂದ 3 ಸೇರುತ್ತದೆ. ಸೋದರಮಾವನಾದರೆ ರಕ್ತ ಇನ್ನೂ ಹತ್ತಿರ, ಆದ್ದರಿಂದ ಇನ್ನಷ್ಟು. ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಬಸುರಿಯಾಗುವ ಮೊದಲೇ ಒಮ್ಮೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ಮನೆಯಲ್ಲಿ ಹಿಂದೆ ಎಳೆ ಮಕ್ಕಳು ತೀರಿಕೊಂಡಿದ್ದರೆ ಅಜ್ಜಿಯನ್ನು ಕೇಳಿ ಬರೆದುಕೊಂಡು ಹೋಗಿ. ಅಜ್ಜಿಯ ನೆನಪಿನಿಂದ ನನಗೆ ಎಷ್ಟೋ ಸಲ ದಾರಿ ಸಿಕ್ಕಿದೆ.

ಪ್ರಶ್ನೆ (ಒಬ್ಬ ತಂದೆ, ಬೆಂಗಳೂರು): ಲೈಸೊಸೋಮ್ ಕಾಯಿಲೆಗೆ ಎಂಜೈಮ್ ಇಂಜೆಕ್ಷನ್ ಇದೆಯಲ್ಲ ಮೇಡಂ. ನಮ್ಮ ಪರಿಚಯದ ಮಗುವಿಗೆ ಪಾಂಪೆ ಕಾಯಿಲೆ, ಸರ್ಕಾರದ ನೆರವಿನಲ್ಲಿ ಸಿಗುತ್ತಿದೆ. ತುಮಕೂರಿನ ಮಗುವಿಗೂ ಕೊಡಿಸಬಹುದಲ್ವಾ?

ಡಾಕ್ಟರ್: ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಪ್ರತಿ ಸಲವೂ ಕಷ್ಟ ಆಗುತ್ತದೆ. ಇಲ್ಲ, ಸದ್ಯಕ್ಕೆ ಇಲ್ಲ. ಪಾಂಪೆಯಲ್ಲಿ ಇಲ್ಲದಿರುವುದು ಒಂದು ಎಂಜೈಮ್, ಅದೊಂದನ್ನು ಕೊಟ್ಟರೆ ಆಯಿತು. ಇಲ್ಲಿ ದಾರಿ ತಪ್ಪಿರುವುದು ಹತ್ತಾರು.

ಆದರೆ ಆ ಪಾಂಪೆ ಮಗುವಿನ ಔಷಧಿಗೂ ಈ ಕಾಯಿಲೆಗೂ ಒಂದು ನಂಟಿದೆ. ಹೇಳಲೇಬೇಕು. 1967ರಲ್ಲಿ ಜೂಲ್ಸ್ ಲೆರಾಯ್ ಮತ್ತು ರಾಬರ್ಟ್ ಡಿಮಾರ್ಸ್ ಇಂಥ ಮಕ್ಕಳ ಚರ್ಮದ ಜೀವಕೋಶ ಬೆಳೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಒಳಗೆಲ್ಲ ಕಪ್ಪು ಕಪ್ಪು ಕಾಳು. ನಾನೂ ನೋಡಿದ್ದೇನೆ, ಮೊರದಲ್ಲಿ ರಾಗಿ ಹರಡಿದ ಹಾಗೆ ಕಾಣುತ್ತದೆ. ಅದರಿಂದಲೇ ಎರಡನೇ ಬಗೆಗೆ ‘ಐ-ಸೆಲ್’ (ಇನ್‌ಕ್ಲೂಷನ್ ಸೆಲ್, ಅಂದರೆ ಒಳಗೆ ಕಾಳು ತುಂಬಿದ ಜೀವಕೋಶ) ಕಾಯಿಲೆ ಅಂತ ಹೆಸರು ಬಂತು. 1972ರಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಹಿಕ್‌ಮನ್ ಒಂದು ಸರಳ ಪ್ರಯೋಗ ಮಾಡಿದರು. ಆರೋಗ್ಯವಂತ ಜೀವಕೋಶದ ಎಂಜೈಮ್ ಕೊಟ್ಟರೆ ಐ-ಸೆಲ್ ಅದನ್ನು ಒಳಗೆ ಎಳೆದುಕೊಂಡಿತು. ಐ-ಸೆಲ್‌ನಿಂದ ಹೊರಬಂದ ಎಂಜೈಮನ್ನು ಬೇರೆ ಜೀವಕೋಶಗಳು ಒಳಗೆ ತೆಗೆದುಕೊಳ್ಳಲಿಲ್ಲ. ಬಾಗಿಲು ಸರಿ ಇದೆ, ಸಾಮಾನಿನ ಮೇಲೆ ಗುರುತಿಲ್ಲ ಅಂತ ಅವರು ಊಹಿಸಿದರು. 1977ರಲ್ಲಿ ವಿಲಿಯಂ ಸ್ಲೈ ಅವರ ತಂಡ ಆ ಗುರುತು ಮ್ಯಾನೋಸ್-6-ಫಾಸ್ಫೇಟ್ ಅಂತ ತೋರಿಸಿತು. ಗುರುತು ಹಾಕುವ ಎಂಜೈಮೇ ಇಲ್ಲ ಎಂದು 1981ರಲ್ಲಿ ಎರಡು ತಂಡಗಳು ಕಂಡುಕೊಂಡವು. ಅದರಲ್ಲಿ ಒಂದರಲ್ಲಿದ್ದ ಅಜಿತ್ ವಾರ್ಕಿ ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು.

ಇವತ್ತು ಪಾಂಪೆ, ಫ್ಯಾಬ್ರಿ, ಎಂಪಿಎಸ್ ಒಂದನೇ ಬಗೆಯಂಥ ಲೈಸೊಸೋಮ್ ಕಾಯಿಲೆಗಳಿಗೆ ಕೊಡುವ ಎಂಜೈಮ್ ಜೀವಕೋಶದ ಒಳಗೆ ಹೋಗುವುದು ಇದೇ ಚೀಟಿ ಹಿಡಿಯುವ ಬಾಗಿಲಿನಿಂದ. ಐ-ಸೆಲ್ ಮಕ್ಕಳ ಜೀವಕೋಶಗಳಿಂದ ಕಲಿತದ್ದು ಬೇರೆ ಮಕ್ಕಳಿಗೆ ಔಷಧಿಯಾಯಿತು. ಆ ಮಕ್ಕಳಿಗೇ ಇನ್ನೂ ತಲುಪಿಲ್ಲ. ಈ ಸಾಲ ತೀರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ತುಮಕೂರಿನ ತಾಯಿ (ಮೂರು ವಾರದ ನಂತರ): ಮೇಡಂ, ರಿಪೋರ್ಟ್ ಬಂತು. ಪ್ಲಾಸ್ಮಾದಲ್ಲಿ ಮಾಡಿಸಿದೆವು. ನಾಲ್ಕು ಎಂಜೈಮ್, ನಾಲ್ಕೂ ನಾರ್ಮಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ. ಆ ಎರಡಕ್ಷರ ಹೋಗಿರುವುದು ನನ್ನಿಂದ, ಇನ್ನೊಂದು ಅವರಪ್ಪನಿಂದ. ಅತ್ತೆ ‘ನಿನ್ನ ಕಡೆಯದೇ ದೊಡ್ಡದು’ ಅಂದರು.

ಡಾಕ್ಟರ್: ಅತ್ತೆಯವರಿಗೆ ಹೀಗೆ ಹೇಳಿ. ಇದರಲ್ಲಿ ದೊಡ್ಡದು ಚಿಕ್ಕದು ಇಲ್ಲ. ಎರಡರಲ್ಲಿ ಯಾವ ಒಂದು ಮಾತ್ರ ಇದ್ದಿದ್ದರೂ ಮಗುವಿಗೆ ಏನೂ ಆಗುತ್ತಿರಲಿಲ್ಲ. ಇನ್ನೂ ಒಂದು ಮಾತು. ಗಂಡನ ಕಡೆಯಿಂದ ಬಂದ ಆ ಬದಲಾವಣೆಯಲ್ಲಿ ಚೀಟಿಯ ಕೆಲಸ ಸ್ವಲ್ಪ ಉಳಿದಿರುವುದರಿಂದಲೇ ಮಗು ಎರಡನೇ ಬಗೆಗೆ ಹೋಗದೆ ಮೂರನೆಯದರಲ್ಲಿ ನಿಂತಿದೆ ಅಂತ ಕಾಣುತ್ತದೆ.

ಈ ಫಲಿತಾಂಶವನ್ನು ಲ್ಯಾಬಿಗೆ ಕಳಿಸಿ, ವಿಯುಎಸ್ ದರ್ಜೆ ಮತ್ತೆ ನೋಡಲು ಕೇಳಿ. ಇಷ್ಟು ಸಾಕ್ಷಿ ಇದ್ದರೆ ಅವರು ಅದನ್ನು ಮೇಲಕ್ಕೆ ಸರಿಸಬಹುದು. ಮುಂದಿನ ಬಸುರಿಯ ವಿಚಾರ ಇದ್ದರೆ ಅದಕ್ಕೂ ಇದು ಬೇಕು. ಪ್ರತಿ ಬಸುರಿಯಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 11ರಿಂದ 13 ವಾರದೊಳಗೆ ಪರೀಕ್ಷೆ ಮಾಡಬಹುದು. ವಿಯುಎಸ್ ವಿಯುಎಸ್ ಆಗಿಯೇ ಇರುವಾಗ ಬಸುರಿಯ ಬಗ್ಗೆ ಯಾವ ನಿರ್ಧಾರಕ್ಕೂ ಅದನ್ನು ಆಧಾರ ಮಾಡಬಾರದು.

ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಪರೂಪದ ಕಾಯಿಲೆಗಳ ಕೇಂದ್ರ ಸರ್ಕಾರದ ಉತ್ಕೃಷ್ಟತಾ ಕೇಂದ್ರ. ಅಲ್ಲಿ ಹೆಸರು ನೋಂದಾಯಿಸಿ.

ತುಮಕೂರಿನ ತಾಯಿ: ಮಾಡಿಸುತ್ತೇವೆ ಮೇಡಂ. ಈಗ ಮನೆಯಲ್ಲಿ ಏನು ಮಾಡಲಿ? ಒಬ್ಬರು ಎಣ್ಣೆ ಹಚ್ಚಿ ಬೆರಳು ಜಗ್ಗಿ ಬಿಡಿಸಿ ಅಂದಿದ್ದರು. ದಿನಾ ಮಾಡುತ್ತಿದ್ದೆ. ಅವಳು ಅಳುತ್ತಾಳೆ.

ಡಾಕ್ಟರ್: ಜಗ್ಗುವುದು ಇವತ್ತೇ ನಿಲ್ಲಿಸಿ. ಸಂಧಿವಾತದಲ್ಲಿ ನಡೆಯುವ ವ್ಯಾಯಾಮ ಇಲ್ಲಿ ನಡೆಯುವುದಿಲ್ಲ. ಕೀಲಿನ ಸುತ್ತಲಿನ ಚರ್ಮದಂಥ ಪೊರೆಯೇ ದಪ್ಪವಾಗಿದೆ. ಎಳೆದರೆ ಬಿಚ್ಚುವುದಿಲ್ಲ, ನೋವು ಮತ್ತು ಪೆಟ್ಟು ಅಷ್ಟೇ. ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದಾದರೆ ನೀವಿ. ಬಿಸಿನೀರಿನಲ್ಲಿ ಕೈಕಾಲು ಆಡಿಸುತ್ತಾ ಆಟ ಆಡಲಿ, ನೀರಿನ ವ್ಯಾಯಾಮ ಈ ಮಕ್ಕಳಿಗೆ ಹಿಡಿಸುತ್ತದೆ. ಶಾಲೆಯಲ್ಲಿ ದಪ್ಪ ಪೆನ್ಸಿಲ್ ಕೊಡಲು ಹೇಳಿ. ಬರೆಯಲು ಹೆಚ್ಚು ಹೊತ್ತು ಬೇಕು ಅಂತ ಪತ್ರ ಬೇಕಿದ್ದರೆ ನಿಮ್ಮ ಡಾಕ್ಟರು ಕೊಡುತ್ತಾರೆ.

ವರ್ಷಕ್ಕೊಮ್ಮೆ ಹೃದಯದ ಎಕೋ ಆಗಲಿ. ಸೊಂಟದ ಕೀಲಿನ ಎಕ್ಸ್‌ರೇ ಮೇಲೆ ಕಣ್ಣಿರಲಿ, ಬೆಳೆದಂತೆ ಅಲ್ಲಿ ಸವೆತ ಬರುತ್ತದೆ. ರಾತ್ರಿ ಕೈ ಜೋಮು ಹಿಡಿದು ಎದ್ದರೆ, ಅಥವಾ ಹೆಬ್ಬೆರಳಿನ ಬುಡದ ಮಾಂಸ ಇಳಿದಂತೆ ಕಂಡರೆ ಹೇಳಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು ಇದರಲ್ಲಿ ಸಾಮಾನ್ಯ. ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಆ ಕೈ ಬಳಸುವುದು ಬಿಡುತ್ತಾರೆ. ಸಣ್ಣ ಆಪರೇಷನ್‌ನಿಂದ ನರ ಬಿಡುಗಡೆ ಮಾಡಬಹುದು.

ಆಪರೇಷನ್ ಅಂದಾಗ ಇದನ್ನು ಮಾತ್ರ ಮರೆಯಬೇಡಿ. ಹಲ್ಲು ಕೀಳಿಸಲು ಮಂಪರು ಕೊಡುವುದಿದ್ದರೂ ಸರಿ, ಅರಿವಳಿಕೆ ಡಾಕ್ಟರಿಗೆ ಮೊದಲೇ ಈ ಕಾಯಿಲೆಯ ಹೆಸರು ಹೇಳಿ. ಈ ಮಕ್ಕಳ ದವಡೆ, ಕತ್ತು ಬಿಗಿ, ಉಸಿರಿನ ದಾರಿ ಕಿರಿದು, ಕೊಳವೆ ಹಾಕುವುದು ಕಷ್ಟ. ಸಣ್ಣ ಅಳತೆಯ ಕೊಳವೆ, ಕ್ಯಾಮೆರಾ ಇರುವ ಸಾಧನ ಸಿದ್ಧ ಇರಬೇಕು. ‘ಮ್ಯೂಕೋಲಿಪಿಡೋಸಿಸ್ ಮೂರನೇ ಬಗೆ, ಉಸಿರಿನ ದಾರಿ ಕಷ್ಟ’ ಅಂತ ಕೆಂಪು ಶಾಯಿಯಲ್ಲಿ ಬರೆದು ಫೈಲಿನ ಮೊದಲ ಹಾಳೆಗೆ ಅಂಟಿಸಿ. ಒಂದು ಪ್ರತಿ ಅವಳ ಶಾಲೆಯ ಬ್ಯಾಗಿನಲ್ಲೂ ಇರಲಿ.

ತುಮಕೂರಿನ ತಾಯಿ: ಬರೆದೆ ಮೇಡಂ. ಬ್ಯಾಗಿಗೂ ಹಾಕಿದ್ದೇನೆ. ಇವತ್ತು ಜಗ್ಗಲಿಲ್ಲ, ಬಿಸಿನೀರಿನ ಟಬ್ಬಿನಲ್ಲಿ ಕೂರಿಸಿದೆ. ಅರ್ಧ ಗಂಟೆ ಆಡಿದಳು.